ಹೊಸ್ತಿಲಿಲ್ಲದ ಖಾನಾವಳಿ

ಜೇವರ್ಗಿಯ ಬಸ್ ನಿಲ್ದಾಣ ದಾಟಿ ಬಿಜಾಪುರದ ಕಡೆ ನಾಲ್ಕು ಹೆಜ್ಜೆ ಹಾಕಿದರೆ, ಎಂಬತ್ತರ ದಶಕದಲ್ಲಿ ಅಲ್ಲೊಂದು ಖಾನಾವಳಿ ಇತ್ತು. ಬೋರ್ಡಿನ ಮೇಲೆ ಏನೋ ಒಂದು ಹೆಸರಿತ್ತು. ಹೊಗೆ, ಧೂಳು ಸೇರಿ ಅದನ್ನು ಯಾರೂ ಓದಿದ್ದು ನಾನು ಕಾಣೆ. ಮೇಲೆ ತಗಡು, ಕೆಳಗೆ ಶಹಾಬಾದಿ ಕಲ್ಲು, ಮುಂದೆ ಗೋಡೆಯೂ ಇಲ್ಲ ಬಾಗಿಲೂ ಇಲ್ಲ. ರಸ್ತೆಯಿಂದ ಸೀದಾ ಬೆಂಚಿಗೆ ಹೋಗಿ ಕೂರಬಹುದಿತ್ತು. ಊರವರು ಅದನ್ನು ತಗಡಿನ ಖಾನಾವಳಿ ಎನ್ನುತ್ತಿದ್ದರು. ಅಲ್ಲಿ ಸಿಗುತ್ತಿದ್ದುದು ರೊಟ್ಟಿ, ಉಳ್ಳಾಗಡ್ಡಿ, ಒಂದು ಹೋಳು ನಿಂಬೆ ಮತ್ತು ಕೋಳಿ ಫ್ರೈ. ಬೇರೆ ಪದಾರ್ಥ ಕೇಳಿದರೆ ಮಾಲೀಕ ಎದುರಿನ ಹೋಟೆಲಿನ ಕಡೆ ಕೈ ತೋರಿಸುತ್ತಿದ್ದ.

ಆ ಫ್ರೈ ತಿನ್ನಲು ಲಾರಿ ಡ್ರೈವರುಗಳು ಬರುತ್ತಿದ್ದರು, ಕಚೇರಿಯ ಗುಮಾಸ್ತರು ಬರುತ್ತಿದ್ದರು, ತೊಗರಿ ಮಾರಲು ಬಂದ ರೈತರು ಬರುತ್ತಿದ್ದರು. ಮನೆಯಲ್ಲಿ ಲಿಂಗಪೂಜೆ ಮಾಡುವ ದೊಡ್ಡ ಮನೆತನದ ಹುಡುಗರು ಹಿಂದಿನ ಓಣಿಯಿಂದ ಬಂದು, ತಿಂದು, ಬಾಯಿಗೆ ಸೋಂಪು ಹಾಕಿಕೊಂಡು ಮುಂದಿನ ರಸ್ತೆಯಿಂದ ಸಜ್ಜನರಾಗಿ ಹೋಗುತ್ತಿದ್ದರು. ಮಾಲೀಕ ಸೊಲ್ಲಾಪುರದ ಕಡೆ ಅಡುಗೆ ಕಲಿತು ಬಂದವನು. ಒಣಕೊಬ್ಬರಿ, ಎಳ್ಳು, ಬಳ್ಳೊಳ್ಳಿ, ಹುರಿದ ಮೆಣಸಿನಕಾಯಿ ಎಲ್ಲ ಕುಟ್ಟಿ, ಕೋಳಿಯನ್ನು ಸಣ್ಣ ಸಣ್ಣ ತುಂಡು ಮಾಡಿ, ದೊಡ್ಡ ಕಬ್ಬಿಣದ ಬಾಣಲೆಯಲ್ಲಿ ಕಪ್ಪಾಗುವ ತನಕ ಹುರಿಯುತ್ತಿದ್ದ. ತಾಟಿನಲ್ಲಿ ಬಂದಾಗ ಯಾವುದು ಕಾಲು, ಯಾವುದು ಕತ್ತು, ಯಾವುದು ಎದೆ ಎಂದು ಗುರುತು ಹತ್ತುತ್ತಿರಲಿಲ್ಲ. ಬಾಯಿಗೆ ಹಾಕಿಕೊಂಡು ಎಲುಬು ಹಲ್ಲಿಗೆ ತಾಕಿದಾಗಲೇ ತಿಳಿಯಬೇಕು.

ನಾನು ಆಗ ಊರಿನ ಪ್ರಾಥಮಿಕ ಶಾಲೆಯಲ್ಲಿ ಟೀಚರ್. ಗಂಡ ಬಸ್ ಡಿಪೋದಲ್ಲಿ ಮೆಕ್ಯಾನಿಕ್. ಹೆಂಗಸೊಬ್ಬಳು ಖಾನಾವಳಿಗೆ ಹೋಗಿ ಕೋಳಿ ತಿನ್ನುವುದೆಂದರೆ ಜನ ತಿರುಗಿ ತಿರುಗಿ ನೋಡುತ್ತಿದ್ದ ಕಾಲ. ಆದರೆ ನಮಗೆ ಬೇರೆ ದಾರಿ ಇರಲಿಲ್ಲ. ನಾವು ಬಾಡಿಗೆಗಿದ್ದ ಮನೆಯ ಮಾಲೀಕರು ಲಿಂಗವಂತರು, ಬಹಳ ಒಳ್ಳೆಯ ಜನ. ಯಜಮಾನತಿ ಮೊದಲ ದಿನವೇ ಬಂದು ಹೇಳಿದ್ದರು.

"ಟೀಚರ್ರ, ನೀವು ಹೊರಗ ಏನ್ ಉಂಡು ಬರ್ತೀರಿ ಅಂತ ನಾವು ಕೇಳಂಗಿಲ್ರಿ. ಆದ್ರ ಮನ್ಯಾಗ ಮಾತ್ರ ತತ್ತಿ ಸಿಪ್ಪಿ ಸೈತ ಕಾಣಬಾರ್ದು ನೋಡ್ರಿ."

ಹೌದ್ರಿ ಅಂದೆವು. ಹೀಗಾಗಿ ತಿಂಗಳಲ್ಲಿ ಒಂದೋ ಎರಡೋ ಭಾನುವಾರ ಗಂಡ ಹೆಂಡತಿ ಇಬ್ಬರೂ ತಗಡಿನ ಖಾನಾವಳಿಗೆ ಹೋಗುತ್ತಿದ್ದೆವು. ಒಂದು ಮೂಲೆಗೆ ಗೋಣಿಚೀಲದ ಪರದೆ ಕಟ್ಟಿ ಮಾಲೀಕ ಅದನ್ನು ಫ್ಯಾಮಿಲಿ ರೂಮು ಎಂದು ಕರೆದಿದ್ದ. ಪರದೆಯ ಆಚೆ ಗಂಡಸರ ಗದ್ದಲ, ಈಚೆ ನಾವು. ಖಾರಕ್ಕೆ ಮೂಗು ಸೋರುತ್ತಿತ್ತು, ಕಿವಿ ಬಿಸಿಯಾಗುತ್ತಿತ್ತು. ವಾರವೆಲ್ಲ ಮಕ್ಕಳ ಮುಂದೆ ಕಿರುಚಿ ಬತ್ತಿದ ಗಂಟಲಿಗೆ ಆ ಖಾರ ಹಿತವಾಗಿತ್ತು ಎಂದು ಹೇಳಿದರೆ ಯಾರೂ ನಂಬುವುದಿಲ್ಲ, ಆದರೆ ಹಿತವಾಗಿತ್ತು.

ಹಿತವಾಗದೆ ಇದ್ದದ್ದು ಮನೆಗೆ ವಾಪಸು ಬರುವುದು. ಮನೆಯಲ್ಲಿ ನನ್ನ ಅವ್ವ ಇದ್ದಳು.

ಅಪ್ಪ ತೀರಿದ ಮೇಲೆ ಅವ್ವನನ್ನು ಕರಜಗಿಯಿಂದ ನಾನೇ ಕರೆತಂದಿದ್ದೆ. ನಾನು ಒಬ್ಬಳೇ ಮಗಳು. ಅವಳು ಮನೆಗೆಲಸ ಮಾಡುತ್ತಿದ್ದಳು, ನಮಗೆ ಬಗೆಬಗೆಯ ಪಲ್ಯ ಮಾಡಿ ಒಗ್ಗರಣೆ ಹಾಕುತ್ತಿದ್ದಳು, ತಾನು ಮಾತ್ರ ಒಗ್ಗರಣೆಯಿಲ್ಲದ ಬೇಳೆ, ರೊಟ್ಟಿ, ಮಜ್ಜಿಗೆ ಇಷ್ಟನ್ನೇ ಉಣ್ಣುತ್ತಿದ್ದಳು. ಹಸಿಮೆಣಸಿನಕಾಯಿ ಕೂಡ ಕಚ್ಚುತ್ತಿರಲಿಲ್ಲ. ನಾವು ಖಾನಾವಳಿಯಿಂದ ಬಂದರೆ ಹೊರಸಿನ ಮೇಲೆ ಗೋಡೆಯ ಕಡೆ ಮುಖ ಮಾಡಿ ಮಲಗಿದ್ದವಳು ತಿರುಗದೆ ಕೇಳುವಳು.

"ಇವತ್ತು ಹೆಂಗಿತ್ತು ಬೇ ಖಾರ?"

"ಚಂದ ಇತ್ತು."

"ಕೊಬ್ಬರಿ ಸುಟ್ಟು ಹಾಕ್ಯಾನೋ, ಹಂಗೇ ಹಾಕ್ಯಾನೋ?"

"ನನಗ ಏನ್ ಗೊತ್ತಾಗ್ತದವ್ವಾ."

"ಗೊತ್ತಾಗಲ್ದಂಗ ಹೆಂಗ ತಿಂತೀರಿ ನೀವು."

ಪ್ರತಿ ಸಲವೂ ಇದೇ ಮಾತು. ನನಗೆ ಸಿಟ್ಟು ಬರುತ್ತಿತ್ತು, ಅವಳ ಮೇಲಲ್ಲ. ಸಿಟ್ಟು ನಿಂಬರ್ಗಾದಲ್ಲಿ ಕುಳಿತಿದ್ದ ನನ್ನ ಸೋದರಮಾವನ ಮೇಲೆ.

ನಮ್ಮ ಮಂದಿಯಲ್ಲಿ ಒಂದು ಪದ್ಧತಿ ಇದೆ. ಗಂಡನನ್ನು ಕಳೆದುಕೊಂಡವಳು ಎಣ್ಣೆಯಲ್ಲಿ ಹುರಿದದ್ದು, ಖಾರದ್ದು, ಕೋಳಿ, ಕುರಿ ಏನೂ ಮುಟ್ಟುವ ಹಾಗಿಲ್ಲ. ಅವಳ ತವರಿನಿಂದ ಅಣ್ಣನೋ ತಮ್ಮನೋ ಬಂದು, ಕೋಳಿಯ ಅಡುಗೆ ಮಾಡಿಸಿ, ಮೊದಲ ತುತ್ತನ್ನು ತನ್ನ ಕೈಯಾರೆ ಅವಳ ಬಾಯಿಗೆ ಇಡಬೇಕು. ಇದಕ್ಕೆ ಬಾಯಿ ಖಾರ ಮಾಡುವುದು ಎನ್ನುತ್ತಾರೆ. ಆ ಒಂದು ತುತ್ತು ಬಿದ್ದರೆ ಸೂತಕ ಹರಿಯಿತು, ಇನ್ನು ನೀನು ಬದುಕು, ನಿನ್ನ ಹಿಂದೆ ನಾವಿದ್ದೇವೆ ಎಂದು ತವರು ಹೇಳಿದ ಹಾಗೆ. ಸಾಮಾನ್ಯವಾಗಿ ದಿನಕರ್ಮ ಮುಗಿದ ಮರುದಿನವೇ ಇದು ಆಗಿಹೋಗುತ್ತದೆ. ಅವ್ವನಿಗೆ ಇದ್ದವನು ಒಬ್ಬನೇ ತಮ್ಮ. ಅವನು ಅಪ್ಪನ ಮಣ್ಣಿಗೆ ಬಂದ, ದೂರ ನಿಂತ, ಒಂದು ಹಿಡಿ ಮಣ್ಣು ಹಾಕಿದ, ಬಂದ ದಾರಿಯಲ್ಲೇ ಹೋದ. ಬಾಯಿ ಖಾರ ಮಾಡಲಿಲ್ಲ. ಹೀಗೆ ವರ್ಷಗಳು ಕಳೆದವು.

ಅವನ ಸಿಟ್ಟಿನ ಕಾರಣ ಕೇಳಿದರೆ ನಗುತ್ತೀರಿ. ನಗಬೇಡಿ, ನಮ್ಮಲ್ಲಿ ಇದಕ್ಕಿಂತ ಸಣ್ಣದಕ್ಕೆ ಮನೆತನಗಳು ಒಡೆದಿವೆ.

ನನ್ನ ಮದುವೆಯ ಮರುದಿನ ಕರಜಗಿಯಲ್ಲಿ ಬೀಗರಿಗೆ ಖಾರದೂಟ. ಎಷ್ಟೇ ಕೋಳಿ ಕೊಯ್ಯಲಿ, ಮೊದಲು ಕೊಯ್ದ ಹುಂಜದ ಕಲೇಜಿಯನ್ನು, ಅಂದರೆ ಲಿವರನ್ನು, ಬೇರೆ ಬೇಯಿಸಿ, ಪಂಕ್ತಿಯಲ್ಲಿ ಎಲ್ಲರಿಗಿಂತ ಮೇಲಿನವರಿಗೆ ಬಡಿಸುತ್ತಾರೆ. ಕಲೇಜಿಯನ್ನು ಹೆಂಗಸರು ತಿನ್ನುವ ಹಾಗಿಲ್ಲ. ತಿಂದರೆ ಎದೆ ಗಟ್ಟಿಯಾಗಿ ಗಂಡನ ಮಾತು ಕೇಳುವುದಿಲ್ಲವಂತೆ. ಮಗಳ ಮದುವೆಯಲ್ಲಿ ಅದು ಸಲ್ಲಬೇಕಾದ್ದು ಸೋದರಮಾವನಿಗೆ. ಆದರೆ ಹೊಸದಾಗಿ ಮನೆಗೆ ಬಂದ ಬೀಗರ ಹಿರಿಯನೂ ಮೇಲಿನವನೇ. ಅವತ್ತು ನನ್ನ ಗಂಡನ ದೊಡ್ಡಪ್ಪ ಮತ್ತು ನನ್ನ ಸೋದರಮಾವ ಒಂದೇ ಚಾಪೆಯ ಮೇಲೆ ಪಕ್ಕಪಕ್ಕ ಕುಳಿತಿದ್ದರು. ಅಪ್ಪ ಬೋಗುಣಿ ಹಿಡಿದು ಬಂದ. ಒಂದು ಗಳಿಗೆ ನಿಂತ. ಬೀಗರು ಹೊರಗಿನವರು, ಏನಾದರೂ ಅಂದುಕೊಂಡಾರು; ಹೆಂಡತಿಯ ತಮ್ಮ ನಮ್ಮವನೇ ತಾನೆ, ಅರ್ಥ ಮಾಡಿಕೊಳ್ಳುತ್ತಾನೆ ಎಂದು ಎಣಿಸಿ ಕಲೇಜಿಯನ್ನು ದೊಡ್ಡಪ್ಪನ ಎಲೆಗೆ ಬಿಟ್ಟ. ಹಿಂದೆ ಬರುತ್ತಿದ್ದ ಯಾರೋ ಸಂಬಂಧಿ ಸೌಟು ಅದ್ದಿ ಮಾವನ ಎಲೆಗೆ ಹಾಕಿದ. ಬಿದ್ದದ್ದು ಕತ್ತಿನ ತುಂಡು.

"ಅಕ್ಕನ ಮಗಳ ಮದುವ್ಯಾಗ ಮಾಮಾಗ ಕುತಗಿ ಹಾಕ್ತೀರೇನು?" ಎಂದು ಮಾವ ಎದ್ದು ನಿಂತ. ಎಂಜಲು ಕೈಯಲ್ಲೇ ಅಂಗಳ ದಾಟಿದ. ಅಪ್ಪ ಹಿಂದೆ ಓಡಿದ, ಅವ್ವ ಸೆರಗು ಒಡ್ಡಿದಳು. "ಈ ಹೊಸ್ತಿಲು ಇನ್ನ ಸಾಯೋತನ ದಾಟಂಗಿಲ್ಲ" ಎಂದು ಅಂಗಳದಲ್ಲಿ ಎಲ್ಲರಿಗೂ ಕೇಳುವ ಹಾಗೆ ಹೇಳಿ ಹೋದ. ಅವ್ವನಿಗೂ ಮೂಗಿನ ತುದಿಯಲ್ಲೇ ಸಿಟ್ಟು. ಅವ ಬಂದು ನನ್ನ ಹೊಸ್ತಿಲು ದಾಟುವ ತನಕ ನಾನೂ ತವರಿನ ಹೊಸ್ತಿಲು ತುಳಿಯುವುದಿಲ್ಲ ಎಂದಳು. ನನ್ನ ಕೈಯಲ್ಲಿ ಮದುವೆಯ ಹಸಿರು ಬಳೆಗಳು ಇನ್ನೂ ಘಲ್ ಎನ್ನುತ್ತಿದ್ದವು. ನನ್ನ ಮದುವೆಯ ನೆನಪೆಂದರೆ ಇವತ್ತಿಗೂ ಇದೇ.

ಅಪ್ಪ ಸತ್ತಾಗಲಾದರೂ ಇದು ಮುಗಿಯಬೇಕಿತ್ತು. ಮುಗಿಯಲಿಲ್ಲ. ಆಡಿದ ಮಾತಿಗೆ ಇಬ್ಬರೂ ಕಟ್ಟುಬಿದ್ದಿದ್ದರು. ಬೇರೆ ಯಾರಾದರೂ ತವರಿನ ಕಡೆಯವರ ಕೈಯಿಂದ ತುತ್ತು ಇಡಿಸಿದರಾಯಿತು ಎಂದು ನೆರೆಯವರು ಸಲಹೆ ಕೊಟ್ಟರು. ದೂರದ ಸಂಬಂಧದ ಅಣ್ಣನೊಬ್ಬ ತಯಾರಾಗಿಯೂ ಇದ್ದ. ಅವ್ವ ಒಪ್ಪಲಿಲ್ಲ.

"ನಾ ಎತ್ತಿ ಆಡಿಸಿದ ತಮ್ಮ ಜೀವಂತ ಇದ್ದಾನ. ಅವ ಇದ್ದಾಗ ಮಂದಿ ಕೈಲೆ ಯಾಕ ತಿನ್ನಲಿ? ಅವ ಸತ್ತಾನಂತ ಹೇಳಿದಂಗ ಆಗ್ತದ."

ಅವಳು ಹೇಳಿದ್ದರಲ್ಲಿ ತಪ್ಪು ಹುಡುಕಲು ನನಗೆ ಆಗಲಿಲ್ಲ. ನಮ್ಮಜ್ಜಿ ಹೊಲಕ್ಕೆ ಹೋದರೆ ಈ ತಮ್ಮನನ್ನು ಸೊಂಟದ ಮೇಲೆ ಕೂಡಿಸಿಕೊಂಡು ಮನೆಗೆಲಸ ಮಾಡಿದವಳು ಅವ್ವ. ರೊಟ್ಟಿಯನ್ನು ಅಗಿದು ಮೆತ್ತಗೆ ಮಾಡಿ ಅವನ ಬಾಯಿಗೆ ಇಟ್ಟವಳು. ಅವನಿಗೆ ಮೊದಲ ತುತ್ತು ಇಟ್ಟವಳೇ ಅವನ ಕೈಯ ತುತ್ತಿಗೆ ಕಾದು ಕುಳಿತಿದ್ದಳು. ದಿನದಿಂದ ದಿನಕ್ಕೆ ಸೊರಗಿದಳು. ನಾಲಗೆಗೆ ರುಚಿಯೇ ಹತ್ತುವುದಿಲ್ಲ ಎಂದು ಊಟ ಅರ್ಧಕ್ಕೇ ಬಿಡುತ್ತಿದ್ದಳು. ದವಾಖಾನೆಗೆ ಕರೆದೊಯ್ದರೆ ಡಾಕ್ಟರು ಶಕ್ತಿಯ ಗುಳಿಗೆ ಬರೆದುಕೊಟ್ಟರು. ಅವಳ ರೋಗದ ಮದ್ದು ನಿಂಬರ್ಗಾದಲ್ಲಿತ್ತು.

ನಾನು ನಿಂಬರ್ಗಾಕ್ಕೆ ಎಷ್ಟು ಸಲ ಹೋದೆನೋ ಲೆಕ್ಕ ಇಟ್ಟಿಲ್ಲ. ಜೇವರ್ಗಿಯಿಂದ ಗುಲ್ಬರ್ಗಾ, ಅಲ್ಲಿ ಬಸ್ ಬದಲಾಯಿಸಿ ಆಳಂದದ ಕಡೆ. ಶಾಲೆಗೆ ರಜೆ ಇದ್ದ ದಿನ ಮಂದಿ ಮಲಗುತ್ತಾರೆ. ನಾನು ಕಿಟಕಿಯ ಸರಳಿಗೆ ತಲೆ ಒರಗಿಸಿ ಧೂಳು ಕುಡಿಯುತ್ತ ಹೋಗುತ್ತಿದ್ದೆ. ಮಾವ ಅಂಗಳದಲ್ಲಿ ತೊಗರಿ ಹರವಿಕೊಂಡು ಕುಳಿತಿರುತ್ತಿದ್ದ. ನನ್ನನ್ನು ಕಂಡರೆ ಪ್ರೀತಿಯಿಂದ ಮಾತಾಡುವನು, ಚಹಾ ಕುಡಿಸುವನು, ಬರುವಾಗ ಚೀಲದ ತುಂಬ ಬೇಳೆ ಕಟ್ಟಿಕೊಡುವನು. ಅವ್ವನ ಮಾತು ತೆಗೆದರೆ ಮಾತ್ರ ತೊಗರಿಯಲ್ಲಿ ಕಲ್ಲು ಹುಡುಕತೊಡಗುವನು.

"ಮಾಮಾ, ಆಕಿ ಬಾಯಿ ಕಟ್ಟಿ ಕುಂತಾಳ. ಒಂದು ತುತ್ತಿನ ಮಾತು."

"ನನಗೇನು ಕರುಳ ಇಲ್ಲೇನು? ನಾ ಅಂದ ಮಾತು ಎಲ್ಲಾರ ಮುಂದ ಅಂದೇನಿ. ಹೊಸ್ತಿಲು ದಾಟಂಗಿಲ್ಲಂತ ಅಂದೇನಿ. ಕರಜಗಿ ಬಿಟ್ಟು ನಿನ್ನ ಮನಿಗಿ ಬಂದ್ರೂ ಆಕಿ ಇದ್ದಲ್ಲಿ ಆಕೀದೇ ಹೊಸ್ತಿಲು. ಆಕೀನೇ ಇಲ್ಲಿಗಿ ಬರ್ಲಿ. ಇದು ಆಕೀದೇ ಮನಿ."

ಇದನ್ನು ಹೊತ್ತುಕೊಂಡು ಜೇವರ್ಗಿಗೆ ಬಂದರೆ ಅವ್ವ ಹೇಳುವಳು, "ಅವ ಮೊದಲ ಬರ್ಲಿ. ಗಂಡನ್ನ ಕಳಕೊಂಡಾಕಿ ನಾ. ನಾ ಹೋಗಿ ತುತ್ತು ಇಡಪಾ ಅಂತ ಬಾಯಿ ತಕ್ಕೊಂಡು ನಿಂದರಬೇಕೇನು?"

ಎತ್ತು ಏರಿಗೆಳೆದರೆ ಕೋಣ ನೀರಿಗೆಳೆಯಿತು ಅನ್ನುತ್ತಾರಲ್ಲ, ನಾನು ನಡುವಿನ ನೊಗ. ನೊಗಕ್ಕೆ ನೋವಾಗುತ್ತದೆಯೇ ಎಂದು ಯಾರೂ ಕೇಳುವುದಿಲ್ಲ. ನನಗೆ ಆಗಿನ್ನೂ ಮೂವತ್ತು ದಾಟಿರಲಿಲ್ಲ, ಮುದುಕಿಯಷ್ಟು ದಣಿದಿದ್ದೆ.

ಒಂದು ಭಾನುವಾರ ಗಂಡನ ಜೊತೆ ಖಾನಾವಳಿಗೆ ಹೋದೆ. ಬೀದಿ ನಾಯಿಯೊಂದು ಸೀದಾ ಒಳಗೆ ನಡೆದು ಬೆಂಚಿನ ಕೆಳಗೆ ಮಲಗಿತ್ತು. ಮಾಲೀಕ ಹಚಾ ಹಚಾ ಎಂದು ಓಡಿಸುತ್ತಿದ್ದ. ಗಂಡ ನಗುತ್ತ, "ಅದರ ತಪ್ಪೇನು? ಇಲ್ಲಿ ಬಾಗಲ ಇಲ್ಲ, ಹೊಸ್ತಿಲ ಇಲ್ಲ. ಹೊರಗ ಯಾವ್ದು ಒಳಗ ಯಾವ್ದು ಅಂತ ಅದಕ್ಕ ಹೆಂಗ ಗೊತ್ತಾಗ್ಬೇಕು" ಎಂದ. ನಾನು ನಿಂತುಬಿಟ್ಟೆ. ಕೆಳಗೆ ನೋಡಿದೆ. ರಸ್ತೆಯ ಮಣ್ಣು ಎಲ್ಲಿ ಮುಗಿಯಿತೋ ಅಲ್ಲಿಂದಲೇ ಶಹಾಬಾದಿ ಕಲ್ಲು ಶುರು. ನಡುವೆ ಒಂದು ಬೆರಳಿನಷ್ಟು ಏರೂ ಇಲ್ಲ. ಇಷ್ಟು ವರ್ಷ ಇಲ್ಲಿ ಬಂದು ತಿಂದು ಹೋಗಿದ್ದೆ, ಇದನ್ನು ಕಂಡಿರಲಿಲ್ಲ. ಅವತ್ತು ನಾನು ಏನು ತಿಂದೆನೋ ತಿಳಿಯಲಿಲ್ಲ.

ಮುಂದಿನ ರಜೆಗೆ ನಿಂಬರ್ಗಾದಲ್ಲಿ ಮಾವನ ಮುಂದೆ ಕುಳಿತು, ಅವ್ವನನ್ನು ತಗಡಿನ ಖಾನಾವಳಿಗೆ ಕರೆತರುತ್ತೇನೆ, ನೀನೂ ಅಲ್ಲಿಗೇ ಬಾ ಎಂದೆ.

"ಖಾನಾವಳ್ಯಾಗ ಬಾಯಿ ಖಾರ ಮಾಡ್ತಾರೇನು ಯಾರರ?" ಎಂದ ಮಾವ.

"ನೀವಿಬ್ರು ಮಾಡಿದ್ದು ಯಾರರ ಮಾಡ್ಯಾರೇನು?"

ಅವನು ತೊಗರಿಯಲ್ಲಿ ಕೈಯಾಡಿಸಿದ. "ಅದು ಯಾರ ಮನಿ?"

"ಯಾರ ಮನೀನೂ ಅಲ್ಲ. ಆಕಿ ಹೊಸ್ತಿಲೂ ಅಲ್ಲ, ನಿಂದೂ ಅಲ್ಲ. ಹೊಸ್ತಿಲೇ ಇಲ್ಲ ಅದಕ್ಕ."

"ಮೊದಲ ಕೊಯ್ದ ಹುಂಜ ಯಾವ್ದಂತ ಹೆಂಗ ತಿಳೀತದ?"

"ಮಾಮಾ, ಅಲ್ಲಿ ಹುಂಜಾನೂ ಇಲ್ಲ, ಹ್ಯಾಟೀನೂ ಇಲ್ಲ. ಫಾರಂ ಕೋಳಿ. ನೂರು ಒಮ್ಮೆಗೇ ಕೊಯ್ತಾರ."

ಮಾವ ತೊಗರಿಯಿಂದ ಒಂದು ಕಲ್ಲು ಆರಿಸಿ ಆಚೆ ಎಸೆದ. "ನೋಡ್ತೇನಿ" ಎಂದ. ಬರುವ ಭಾನುವಾರ ಮಧ್ಯಾಹ್ನ ಎಂದು ಹೇಳಿ ಎದ್ದು ಬಂದೆ. ಅವನು ಬರುತ್ತೇನೆ ಅನ್ನಲಿಲ್ಲ, ಬರುವುದಿಲ್ಲ ಎಂದೂ ಅನ್ನಲಿಲ್ಲ.

ಅವ್ವನಿಗೆ ಸುಳ್ಳು ಹೇಳಿ ಕರೆದೊಯ್ಯಬಹುದಿತ್ತು. ನನಗೆ ಮನಸ್ಸಾಗಲಿಲ್ಲ. ಇದ್ದದ್ದು ಇದ್ದ ಹಾಗೆ ಹೇಳಿದೆ. "ಯಾರ ಮನಿಗಿ?" ಎಂದಳು. ಯಾರ ಮನೆಗೂ ಅಲ್ಲ ಎಂದೆ. ಹೊರಸಿನ ಮೇಲೆ ಎದ್ದು ಕುಳಿತಳು. ಸ್ವಲ್ಪ ಹೊತ್ತಾದ ಮೇಲೆ ತಲೆ ಬಾಚುವ ಹಣಿಗೆ ಎಲ್ಲಿ ಇಟ್ಟಿದ್ದೀ ಎಂದು ಕೇಳಿದಳು. ಅವನು ಬಾರದೆ ಹೋದರೆ ಇವಳ ಗತಿ ಏನು ಎಂಬ ಭಯ ನನಗೆ ಆಗಲೇ ಹುಟ್ಟಿತು. ಮನೆಯಲ್ಲಿ ಕುಳಿತು ಕಾಯುವುದು ಬೇರೆ. ಹತ್ತು ಮಂದಿಯ ನಡುವೆ ತಾಟು ಇಟ್ಟುಕೊಂಡು ಕಾದು, ಉಣ್ಣದೆ ಎದ್ದು ಬಂದರೆ ಅವಳು ಮತ್ತೆ ಇನ್ನೊಬ್ಬರ ಮುಂದೆ ಬಾಯಿ ತೆರೆಯುತ್ತಿರಲಿಲ್ಲ.

ಭಾನುವಾರ ಇಬ್ಬರೂ ಗೋಣಿಪರದೆಯ ಹಿಂದೆ ಕುಳಿತೆವು. ಗಂಡನಿಗೆ ಡಿಪೋದಲ್ಲಿ ಡ್ಯೂಟಿ ಇತ್ತು. ಅವ್ವ ಬಿಳಿಯ ಸೀರೆಯ ಸೆರಗನ್ನು ಬಿಗಿಯಾಗಿ ಹೊದ್ದು, ಬೆಂಚಿನ ತುದಿಯಲ್ಲಿ, ಯಾರಾದರೂ ಏಳು ಅಂದರೆ ಎದ್ದುಬಿಡುವ ಹಾಗೆ ಕುಳಿತಿದ್ದಳು. ಬಾಣಲೆಯ ವಾಸನೆ ಪರದೆಯ ಕಿಂಡಿಯಿಂದ ಬರುತ್ತಿತ್ತು. ಅವಳು ಮೂಗು ಅರಳಿಸಿ, "ಸುಟ್ಟೇ ಹಾಕ್ಯಾನ ಕೊಬ್ಬರಿ" ಎಂದಳು. ವರ್ಷಗಟ್ಟಲೆ ಕೇಳಿದ ಪ್ರಶ್ನೆಗೆ ತಾನೇ ಉತ್ತರ ಕೊಟ್ಟುಕೊಂಡು ಸಮಾಧಾನಗೊಂಡ ಹಾಗೆ ಕಂಡಳು.

ಗುಲ್ಬರ್ಗಾದ ಬಸ್ಸು ಬಂತು. ಪರದೆ ಸರಿಸಿ ನೋಡಿದೆ, ಇಳಿದವರಲ್ಲಿ ಮಾವ ಇರಲಿಲ್ಲ. ಮಾಲೀಕ ಎರಡು ಸಲ ಬಂದು ಏನು ತರಲಿ ಎಂದು ಕೇಳಿ ಹೋದ. ಇನ್ನೊಂದು ಬಸ್ಸು ಬಂತು. ಅದರಲ್ಲೂ ಇಲ್ಲ. ಖಾಲಿ ಕುಳಿತರೆ ಬೆಂಚು ಬಿಡಿ ಅಂದಾನು ಎಂದು ಒಂದು ತಾಟು ಫ್ರೈ ತರಿಸಿದೆ. ಅದು ನಮ್ಮಿಬ್ಬರ ನಡುವೆ ಹೊಗೆಯಾಡುತ್ತ ಕುಳಿತಿತು. ಅವ್ವ ಅದರ ಕಡೆ ನೋಡದೆ ಪರದೆಯನ್ನು ನೋಡುತ್ತಿದ್ದಳು.

"ಅವ ಬರಂಗಿಲ್ಲ ಬೇ" ಎಂದಳು.

"ಬರ್ತಾನ."

"ನನಗ ಗೊತ್ತದ ಅವನ ಹಟ. ನಾನೇ ಬೆಳೆಸೇನಿ."

ಅಷ್ಟರಲ್ಲಿ ಪರದೆಯ ಆಚೆ ಯಾರೋ ಕೆಮ್ಮಿದರು. ಅವ್ವನ ಮುಖ ಬದಲಾಯಿತು. ನನಗೆ ತಿಳಿಯುವ ಮೊದಲೇ ಅವಳಿಗೆ ತಿಳಿದಿತ್ತು. ನಾನು ಗೋಣಿಚೀಲದ ಸಂದಿಯಿಂದ ನೋಡಿದೆ. ಮಾವ. ಮಡಿ ಧೋತರ, ಹೆಗಲ ಮೇಲೆ ಟವೆಲು. ಯಾವ ಲಾರಿ ಹತ್ತಿ ಬಂದನೋ, ಎಷ್ಟು ಹೊತ್ತಿನಿಂದ ಕುಳಿತಿದ್ದನೋ. ಲಾರಿ ಡ್ರೈವರುಗಳ ನಡುವೆ, ನಮ್ಮ ಪರದೆಗೆ ಬೆನ್ನು ಹಚ್ಚಿ, ಮುಂದೆ ನೀರಿನ ಗಿಲಾಸು ಇಟ್ಟುಕೊಂಡು ಕುಳಿತಿದ್ದ. ಇಷ್ಟು ದೂರ ಬಂದಿದ್ದ, ಪರದೆ ಎತ್ತಲು ಮಾತ್ರ ಆಗಿರಲಿಲ್ಲ. ಅಕ್ಕ ತಮ್ಮನ ನಡುವೆ ಇದ್ದದ್ದು ಒಂದು ಹರಕು ಗೋಣಿ.

ಅವ್ವ ಕರೆಯುತ್ತಾಳೆ ಎಂದು ನಾನು ಕಾದೆ. ಅವಳು ಕರೆಯಲಿಲ್ಲ. ಅವನು ತಿರುಗುತ್ತಾನೆ ಎಂದು ಕಾದೆ. ತಿರುಗಲಿಲ್ಲ. ಆಚೆ ಇನ್ನೊಮ್ಮೆ ಕೆಮ್ಮಿದ. ಈಚೆ ಇವಳೂ ಕೆಮ್ಮಿದಳು. ತಾಟಿನ ಹೊಗೆ ನಿಂತಿತು.

ನನ್ನ ತಲೆ ಕೆಟ್ಟಿತು. ಎದ್ದು ಪರದೆಯನ್ನು ಜಗ್ಗಿದೆ. ಸುತಳಿಯ ಸಮೇತ ಕಿತ್ತು ಕೈಗೆ ಬಂತು. ಖಾನಾವಳಿಯ ಗಂಡಸರೆಲ್ಲ ಉಣ್ಣುವುದನ್ನು ಬಿಟ್ಟು ನಮ್ಮ ಕಡೆ ತಿರುಗಿದರು.

"ನನಗ ಸಾಕಾಗ್ಯದ!" ಅಂದೆ. ಶಾಲೆಯಲ್ಲಿ ಕಿರುಚಿ ಕಿರುಚಿ ನನಗೆ ದೊಡ್ಡ ಗಂಟಲಿತ್ತು. "ನಿಮ್ಮಿಬ್ಬರ ನಡಕ ಬಸ್ಸಿನ್ಯಾಗ ತಿರುಗಿ ತಿರುಗಿ ನನ್ನ ಸೊಂಟ ಬಿದ್ದದ. ನಿನಗ ಕೆಮ್ಮಲಿಕ್ಕಿ ಬರ್ತದ, ಅಕ್ಕಾ ಅನ್ನಲಿಕ್ಕಿ ಬರಂಗಿಲ್ಲೇನು ಮಾಮಾ? ನಿನಗೂ ಬರಂಗಿಲ್ಲೇನವ್ವಾ? ಕುಂಡ್ರಿ ಇಬ್ರೂ. ಇಲ್ಲಂದ್ರ ಹೇಳ್ರಿ, ನಾ ಮನಿಗಿ ಹೋಗಿ ಮಲಗ್ತೇನಿ."

ನನಗೆ ಅಳು ಬಂದಿತ್ತು. ನಾಚಿಕೆ ಮಾತ್ರ ಆಗಿರಲಿಲ್ಲ. ಮಾಲೀಕ ಸುಮ್ಮನೆ ಬಂದು ನನ್ನ ಕೈಯಿಂದ ಗೋಣಿಚೀಲ ತೆಗೆದುಕೊಂಡು ಹೋದ.

ಮಾವ ಎದ್ದ. ಹೊರಟೇಬಿಟ್ಟ ಅಂದುಕೊಂಡೆ. ಅವನು ಹೋದದ್ದು ಮೂಲೆಯ ನೀರಿನ ಡ್ರಮ್ಮಿನ ಕಡೆ. ಕೈ ತೊಳೆದ. ಖಾರದೂಟದ ದಿನ ತೊಳೆಯದೆ ಎದ್ದುಹೋದ ಕೈ ನನಗೆ ನೆನಪಾಯಿತು. ಧೋತರದ ಅಂಚಿಗೆ ಒರೆಸಿಕೊಂಡು ಬಂದು ಅವ್ವನ ಎದುರು ಕುಳಿತ. ಇಬ್ಬರೂ ಒಬ್ಬರನ್ನೊಬ್ಬರು ನೋಡಿದರು. ಅವನ ಮೀಸೆ ಬೆಳ್ಳಗಾಗಿತ್ತು. ಅವಳ ಕೆನ್ನೆ ಒಳಗೆ ಹೋಗಿತ್ತು.

"ಸೊರಗಿದಿ ಅಕ್ಕಾ" ಎಂದ.

"ನೀನೂ ಮುದುಕಾದಿ" ಎಂದಳು.

ಅವನು ತಾಟಿಗೆ ಕೈ ಹಾಕಿದ. ಕಪ್ಪಗೆ ಹುರಿದ ತುಂಡುಗಳನ್ನು ಬೆರಳಿನಿಂದ ಸರಿಸಿ ಸರಿಸಿ ನೋಡಿದ. ಮೊದಲ ತುತ್ತಿಗೆ ಮೂಳೆಯಿಲ್ಲದ ಮೆತ್ತನೆಯ ತುಂಡು ಹುಡುಕುತ್ತಿದ್ದನೆಂದು ಕಾಣುತ್ತದೆ, ಅವ್ವನ ಹಲ್ಲು ಉದುರಿದ್ದನ್ನು ಅವನು ಆಗಲೇ ಗಮನಿಸಿದ್ದ. ಒಂದು ತುಂಡು ಎತ್ತಿ ಅಂಚು ಮುರಿದು ನೋಡಿದ. ಎತ್ತಿದವನ ಕೈ ಅಲ್ಲೇ ನಿಂತಿತು. ಎಲುಬಿಲ್ಲ, ನಾರಿಲ್ಲ, ಒಳಗೆಲ್ಲ ಒಂದೇ ಬಣ್ಣ. ನಾನೂ ಕಂಡೆ, ಅವ್ವನೂ ಕಂಡಳು. ಕಲೇಜಿ.

ಮಾಲೀಕ ಬೇಕೆಂದೇ ಹಾಕಿದ್ದಲ್ಲ. ಅವನಿಗೆ ನಮ್ಮ ಕತೆ ಗೊತ್ತೇ ಇರಲಿಲ್ಲ. ನೂರು ಕೋಳಿಯ ಕಲೇಜಿಗಳಲ್ಲಿ ಒಂದು ಆ ತಾಟಿಗೆ ಬಂದು ಬಿದ್ದಿತ್ತು, ಅಷ್ಟೇ. ಮಾವ ಅದನ್ನು ಹಿಡಿದುಕೊಂಡು ಕುಳಿತ. ಕೊನೆಗೂ ಸಿಕ್ಕಿತು, ತಾನೇ ತಿನ್ನುತ್ತಾನೆ ಎಂದು ನನಗೆ ಒಂದು ಗಳಿಗೆ ಅನ್ನಿಸಿದ್ದು ನಿಜ. ಅಷ್ಟು ವರ್ಷದ ಹಟ ಕಂಡವಳು ನಾನು.

ಅವನು ಕೈ ಮುಂದೆ ಚಾಚಿದ. "ಬಾಯಿ ತೆರಿ ಅಕ್ಕಾ."

"ಅದು ಹೆಣ್ಮಕ್ಕಳಿಗಿ ಅಲ್ಲ" ಎಂದಳು ಅವ್ವ.

"ತೆರಿ."

ತೆರೆದಳು. ಇಟ್ಟ. ಅವಳು ಬಾಯಿ ಮುಚ್ಚಿ ನಿಧಾನ ಅಗಿದಳು. ಖಾರ ತಲೆಗೆ ಹತ್ತಿ ಕೆಮ್ಮು ಬಂತು, ನಾನು ನೀರು ಕೊಡಲು ಹೋದರೆ ಬೇಡ ಎಂದು ಕೈ ಆಡಿಸಿದಳು. ಪೂರ್ತಿ ಅಗಿದಳು, ನುಂಗಿದಳು. ನಾಲಗೆಯಿಂದ ತುಟಿ ಸವರಿಕೊಂಡಳು. ಅವಳ ಮುಖದಲ್ಲಿ ಸಂತೋಷ ಬರುತ್ತದೆ ಎಂದು ನಾನು ನೋಡುತ್ತಿದ್ದೆ. ಬಂದದ್ದು ಬೇರೆ ಏನೋ.

"ಇಷ್ಟೇ ಏನೋ ಇದು?" ಎಂದಳು.

ಮಾವನಿಗೆ ಅರ್ಥವಾಗಲಿಲ್ಲ.

"ಹಿಟ್ಟು ತಿಂದಂಗ ಅದ. ಸ್ವಲ್ಪ ಕಹಿ ಬ್ಯಾರೆ. ಹುಟ್ಟಿದಾಗಿಂದ ಕೊಯ್ದೇನಿ, ತೊಳದೇನಿ, ಬೇಯಿಸೇನಿ. ಅಪ್ಪಗ ಬಡಿಸ್ದೆ, ಗಂಡಗ ಬಡಿಸ್ದೆ. ಏನೋ ಅಮೃತ ಇದ್ದಂಗ ಇರಬೇಕಂತ ತಿಳದಿದ್ದೆ. ಇಷ್ಟೇ ಏನು ಇದರ ರುಚಿ?"

"ಇಷ್ಟೇ ಅಕ್ಕಾ" ಎಂದ ಮಾವ.

"ಮತ್ತ ಇದಕ್ಕ ಯಾಕ ಎದ್ದು ಹೋದಿ?"

ಜಗಳದ ದನಿಯಲ್ಲಿ ಕೇಳಲಿಲ್ಲ. ನಿಜವಾಗಿ ತಿಳಿದುಕೊಳ್ಳಬೇಕೆಂದು ಕೇಳಿದಳು. ದಣಿದ ದನಿ. ಅಪ್ಪನ ಸಾವು, ತಿನ್ನದೆ ಬಿಟ್ಟ ಊಟಗಳು, ಗೋಡೆಯ ಕಡೆ ತಿರುಗಿ ಮಲಗಿದ ಆ ಎಲ್ಲ ಭಾನುವಾರಗಳು ಆ ಪ್ರಶ್ನೆಯಲ್ಲಿದ್ದವು. ನನಗೂ ಸಂತೋಷವಾಗಲಿಲ್ಲ. ಕಟ್ಟಿದ್ದ ಬಾಯಿ ಬಿಚ್ಚಿತು, ಸೂತಕ ಹರಿಯಿತು, ನಾನು ಬಯಸಿದ್ದೆಲ್ಲ ಆಯಿತು. ಆದರೆ ಅಲ್ಲೇ ಬೆಂಚಿನ ಮೇಲೆ ತಲೆ ಇಟ್ಟು ಮಲಗಿಬಿಡೋಣ ಎನ್ನುವಷ್ಟು ಆಯಾಸವಾಯಿತು.

ಮಾವ ತಲೆ ತಗ್ಗಿಸಿದ. ಅವ್ವ ತಾಟನ್ನು ಅವನ ಕಡೆ ಸರಿಸಿದಳು.

"ಉಣ್ಣು. ಆರಿ ಹೋಗ್ಯದ ಆಗಲೇ."

ಅವನು ನೋಡದೆ ಕೈ ಹಾಕಿದ. ಸಿಕ್ಕ ತುಂಡನ್ನು ಬಾಯಿಯ ಹತ್ತಿರ ತಂದು, ಒಮ್ಮೆ ಕಣ್ಣು ಕಿರಿದು ಮಾಡಿ ನೋಡಿದ. ಕತ್ತು. ಎರಡೂ ಕೈಯಲ್ಲಿ ಹಿಡಿದು, ಗಂಟು ಗಂಟು ಬಿಡಿಸಿ, ಎಲುಬು ಬೆಳ್ಳಗಾಗುವ ತನಕ ತಿಂದ.